ಗ್ರಾಫ್ ಹಾಳೆಯ ಮೇಲೊಂದು ಪ್ರಮಾಣ

ನಮ್ಮೂರಿನ ಪ್ರೌಢಶಾಲೆಯೊಂದರ ಆಡಳಿತ ಸಮಿತಿಯಲ್ಲಿ ನಾವೂ ಒಬ್ಬರು. ಕತೆ ಬರೆಯುವವರ ಕೈಬರಹ ಚೆನ್ನಾಗಿರುತ್ತದೆ ಎಂಬ ನಂಬಿಕೆ ಊರಿನಲ್ಲಿ ಹೇಗೋ ಹುಟ್ಟಿಕೊಂಡಿದೆ. ಹಾಗಾಗಿ ವಾರ್ಷಿಕೋತ್ಸವ ಬಂದರೆ ಬ್ಯಾನರು, ಸ್ವಾಗತ ಫಲಕ, ಆಮಂತ್ರಣ ಎಲ್ಲವೂ ನಮ್ಮ ತಲೆಗೇ ಬೀಳುತ್ತವೆ. ಒಂದು ಸಲ ಇನ್ನೊಂದು ಕೆಲಸವೂ ಸೇರಿಕೊಂಡಿತು. ಹಿಂದಿನ ಮೂರು ವರ್ಷಗಳ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ದೊಡ್ಡ ಚಾರ್ಟಿನಲ್ಲಿ ಬರೆದು ಗೇಟಿನ ಬಳಿ ತೂಗುಹಾಕಬೇಕು, ಪಾಲಕರ ಕಣ್ಣಿಗೆ ಬೀಳಬೇಕು ಎಂದು ಸಮಿತಿ ತೀರ್ಮಾನಿಸಿತು. ಫಲಿತಾಂಶ ಕ್ರಮವಾಗಿ ಶೇಕಡಾ 78, 81 ಮತ್ತು 84.

ನಾವು ಮೊದಲು ಸೊನ್ನೆಯಿಂದಲೇ ಅಳತೆ ಹಾಕಿ ಮೂರು ಕಂಬಗಳನ್ನು ಬರೆದೆವು. ಮೂರೂ ಒಂದೇ ತಾಯಿಯ ಮಕ್ಕಳಂತೆ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ನಿಂತವು. ಸಮಿತಿಯ ಹಿರಿಯರೊಬ್ಬರು ನೋಡಿ, "ಸಾಹೇಬ್ರೆ, ಇದರಲ್ಲಿ ಪ್ರಗತಿ ಎಲ್ಲಿ ಕಾಣ್ತದೆ?" ಎಂದರು. ಅವರ ಮಾತು ನಮಗೂ ಸರಿಯೆನಿಸಿತು. ಹೊಸ ಹಾಳೆ ತೆಗೆದುಕೊಂಡು ಅಳತೆಯನ್ನು 75ರಿಂದ ಶುರು ಮಾಡಿದೆವು. ಈಗ ಮೊದಲ ಕಂಬ ಮೂರು ಗೆರೆ, ಎರಡನೆಯದು ಆರು ಗೆರೆ, ಮೂರನೆಯದು ಒಂಬತ್ತು ಗೆರೆ. ಶಾಲೆ ಮೂರು ವರ್ಷದಲ್ಲಿ ಮೂರು ಪಟ್ಟು ಬೆಳೆದು ನಿಂತಂತಾಯಿತು. ಹಸಿರು ಬಣ್ಣ ತುಂಬಿದೆವು. ಎಲ್ಲರೂ ಮೆಚ್ಚಿದರು.

ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದ ನಮ್ಮ ಮಗಳು ರಾತ್ರಿ ಊಟ ಮುಗಿಸಿ ಜಾಮಿಟ್ರಿ ಬಾಕ್ಸ್ ಬಿಚ್ಚಿಕೊಂಡು ಕೂತವಳು, ಗೋಡೆಗೆ ಒರಗಿಸಿಟ್ಟಿದ್ದ ಚಾರ್ಟನ್ನು ನೋಡಿ, "ಅಬ್ಬಾ, ನೀವು ಕಿಂಕ್ ಹಾಕಿಲ್ಲ" ಎಂದಳು.

"ಏನಮ್ಮಾ ಅದು?"

ಅವಳು ತನ್ನ ಗಣಿತ ಪುಸ್ತಕ ತೆರೆದು ತೋರಿಸಿದಳು. ಅಕ್ಷದ ಬುಡದಲ್ಲಿ, ಮೂಲಬಿಂದುವಿನ ಪಕ್ಕದಲ್ಲೇ, ಒಂದು ಪುಟ್ಟ ಅಂಕುಡೊಂಕು ಗೆರೆ. ಅಳತೆ ಸೊನ್ನೆಯಿಂದ ಶುರುವಾಗದಿದ್ದರೆ ಅದನ್ನು ಹಾಕಬೇಕಂತೆ. ಮಧ್ಯೆ ಒಂದಷ್ಟು ಭಾಗವನ್ನು ಬಿಟ್ಟಿದ್ದೇವೆ ಎಂದು ನೋಡುವವರಿಗೆ ಹೇಳುವ ಗುರುತು ಅದು. "ಹಾಕದಿದ್ರೆ ಟೀಚರ್ ಅರ್ಧ ಮಾರ್ಕು ಕಳೀತಾರೆ" ಎಂದಳು.

"ಇದೇನು ಪರೀಕ್ಷೆಯೇ, ವಾರ್ಷಿಕೋತ್ಸವ ತಾನೆ?" ಎಂದು ನಾವು ನಕ್ಕೆವು. ಅವಳು ವಾದ ಮಾಡಲಿಲ್ಲ. ಪೆನ್ಸಿಲ್ ಚೂಪು ಮಾಡಿಕೊಂಡು ಹೋಂವರ್ಕಿಗೆ ಮರಳಿದಳು. ಆದರೆ ನಮಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನಾವು ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಓದಿದವರು. ಉರ್ದುವಿನಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ ನಡೆದರೂ ಅಂಕಿಗಳನ್ನು ಎಡದಿಂದ ಬಲಕ್ಕೇ ಬರೆಯಬೇಕು. ಕನ್ನಡ ಶಾಲೆಗೆ ಬಂದ ಮೇಲೆ ಗಣಿತದ ಮೇಷ್ಟ್ರು ಗ್ರಾಫ್ ಹಾಳೆಯ ಮೂಲೆಯಲ್ಲಿ ಎಲ್ಲಕ್ಕಿಂತ ಮೊದಲು 'ಪ್ರಮಾಣ' ಎಂದು ಬರೆಸುತ್ತಿದ್ದರು. ಒಂದು ಸೆಂಟಿಮೀಟರಿಗೆ ಹತ್ತು ವಿದ್ಯಾರ್ಥಿಗಳು, ಹೀಗೆ. ನಮಗೆ ಗೊತ್ತಿದ್ದ ಪ್ರಮಾಣವೆಂದರೆ ಕೋರ್ಟಿನಲ್ಲಿ ಸಾಕ್ಷಿ ಹೇಳುವವರು ಮಾಡುವುದು. ಗ್ರಾಫ್ ಬರೆಯುವ ಮುಂಚೆ ಆಣೆ ಇಡಬೇಕೇನೋ ಎಂದುಕೊಂಡಿದ್ದೆವು. ಉರ್ದುವಿನಲ್ಲಿ ಇದೇ ಮಾತಿಗೆ 'ಪೈಮಾನಾ' ಎನ್ನುತ್ತಾರೆ; ಅಳತೆ ಎಂದರ್ಥ. ಕನ್ನಡದ ಪ್ರಮಾಣ ಅಳತೆಯೂ ಹೌದು, ಪುರಾವೆಯೂ ಹೌದು, ಆಣೆಯೂ ಹೌದು. ಅಂದು ನಮ್ಮ ತಪ್ಪು ತಿಳುವಳಿಕೆಗೆ ತರಗತಿಯೆಲ್ಲ ನಕ್ಕಿತ್ತು. ಈಗ ಯೋಚಿಸಿದರೆ ಆ ಹುಡುಗ ಅಷ್ಟೇನೂ ತಪ್ಪು ತಿಳಿದಿರಲಿಲ್ಲ ಅನಿಸುತ್ತದೆ.

ನಮ್ಮ ಚಾರ್ಟಿನಲ್ಲಿದ್ದ ಮೂರು ಅಂಕಿಗಳಲ್ಲಿ ಒಂದೂ ಸುಳ್ಳಲ್ಲ. ಕಂಬಗಳ ಪಕ್ಕದಲ್ಲಿ 78, 81, 84 ಎಂದು ಸ್ಪಷ್ಟವಾಗಿ ಬರೆದೂ ಇದ್ದೆವು. ಹಾಗಿದ್ದರೆ ನಾವು ಸುಳ್ಳು ಹೇಳಿದೆವೆ? ಶಾಲೆಗೆ ನಾಲ್ಕು ಮಕ್ಕಳು ಹೆಚ್ಚು ಸೇರಲಿ ಎಂಬ ಒಳ್ಳೆಯ ಉದ್ದೇಶಕ್ಕಾಗಿ ಚಿತ್ರವನ್ನು ಸ್ವಲ್ಪ ಎಳೆದರೆ ತಪ್ಪೇನು?

ಈ ಬಗೆಯ ಚಿತ್ರಗಳು ಹುಟ್ಟಿದ್ದೇ ಕಣ್ಣಿಗೆ ಬೇಗ ಹೇಳುವುದಕ್ಕಾಗಿ. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ವಿಲಿಯಂ ಪ್ಲೇಫೇರ್ 1786ರಲ್ಲಿ ಇಂಗ್ಲೆಂಡಿನ ಆಮದು ರಫ್ತುಗಳನ್ನು ಗೆರೆಗಳ ಮೂಲಕ ತೋರಿಸುವ ಪುಸ್ತಕ ಪ್ರಕಟಿಸಿದ. ಸ್ಕಾಟ್ಲೆಂಡಿನ ವಿಷಯಕ್ಕೆ ಬಂದಾಗ ಅವನ ಕೈಯಲ್ಲಿ ವರ್ಷವರ್ಷದ ಲೆಕ್ಕ ಇರಲಿಲ್ಲ, ಒಂದೇ ವರ್ಷದ್ದಿತ್ತು. ಗೆರೆ ಎಳೆಯಲು ಬಾರದೆ ಒಂದೊಂದು ದೇಶದ ವ್ಯಾಪಾರಕ್ಕೆ ಒಂದೊಂದು ಪಟ್ಟಿ ಬರೆದ. ಇಂದು ನಮ್ಮ ಮಕ್ಕಳು ಬರೆಯುವ ಸ್ತಂಭಾಲೇಖ ಹೀಗೆ ಮಾಹಿತಿಯ ಕೊರತೆಯಿಂದ ರೂಢಿಗೆ ಬಂದದ್ದು. 1801ರಲ್ಲಿ ಅವನೇ ಪೈ ನಕ್ಷೆಯನ್ನೂ ತಂದ. ಹತ್ತು ಪುಟದ ಕೋಷ್ಟಕ ಓದಲು ಪುರುಸೊತ್ತಿಲ್ಲದವನಿಗೆ ಒಂದು ನೋಟದಲ್ಲಿ ವಿಷಯ ತಿಳಿಯಬೇಕು ಎಂಬುದು ಅವನ ಆಸೆ. ಆ ಒಂದು ನೋಟದಲ್ಲೇ ಅದರ ಶಕ್ತಿಯೂ ಇದೆ, ಅಪಾಯವೂ ಇದೆ. ಓದುವವನು ಪ್ರಶ್ನೆ ಕೇಳುತ್ತಾನೆ, ನೋಡುವವನು ನಂಬಿಬಿಡುತ್ತಾನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ.

ಒಳ್ಳೆಯ ಉದ್ದೇಶದ ಪ್ರಶ್ನೆಗೆ ಫ್ಲಾರೆನ್ಸ್ ನೈಟಿಂಗೇಲ್ ಅವರ ಉದಾಹರಣೆ ನಮಗೆ ಬಹಳ ಮುಖ್ಯವೆನಿಸುತ್ತದೆ. ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ರೋಗಗಳಿಂದ ಸತ್ತರು. ಅವರ ಲೆಕ್ಕದಂತೆ 1855ರ ಜನವರಿ ಒಂದೇ ತಿಂಗಳಲ್ಲಿ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರು 2,761. ಗಾಯಗಳಿಂದ ಸತ್ತವರು 83. ಇದನ್ನು ಸರ್ಕಾರಕ್ಕೆ ಮನಗಾಣಿಸಲು ಅವರು 1858ರಲ್ಲಿ ತಿಂಗಳಿಗೊಂದು ಭಾಗದಂತೆ ದುಂಡನೆಯ ಚಿತ್ರಗಳನ್ನು ಬರೆಯಿಸಿದರು. ಮೊದಲು ಬರೆದ ಚಿತ್ರದಲ್ಲಿ ಸಾವಿನ ಸಂಖ್ಯೆಗೆ ತಕ್ಕಂತೆ ಕೇಂದ್ರದಿಂದ ಉದ್ದವನ್ನು ಅಳೆದಿದ್ದರು. ಆದರೆ ಕಣ್ಣು ಉದ್ದವನ್ನು ನೋಡುವುದಿಲ್ಲ, ಬಣ್ಣ ತುಂಬಿದ ಜಾಗವನ್ನು ನೋಡುತ್ತದೆ. ಉದ್ದ ಎರಡು ಪಟ್ಟಾದರೆ ಜಾಗ ನಾಲ್ಕು ಪಟ್ಟಾಗುತ್ತದೆ. ಇದು ತಿಳಿದ ಮೇಲೆ ಅವರು ಆ ಕ್ರಮವನ್ನು ಬಿಟ್ಟು, ವಿಸ್ತೀರ್ಣವೇ ಸಂಖ್ಯೆಗೆ ಸರಿಹೊಂದುವಂತೆ ಚಿತ್ರವನ್ನು ಬದಲಿಸಿದರು. ತಪ್ಪು ಚಿತ್ರದಲ್ಲಿ ರೋಗದ ಭಾಗ ಇನ್ನೂ ದೊಡ್ಡದಾಗಿ, ಇನ್ನೂ ಭಯಂಕರವಾಗಿ ಕಾಣುತ್ತಿತ್ತು. ಉದ್ದೇಶವೋ ಸೈನಿಕರ ಪ್ರಾಣ ಉಳಿಸುವುದು. ಇದಕ್ಕಿಂತ ಒಳ್ಳೆಯ ಉದ್ದೇಶ ಬೇಕೆ? ಆದರೂ ಅವರು ತಿದ್ದಿಕೊಂಡರು. ಸಮಿತಿಗೆ ನಾಲ್ಕು ಅಡ್ಮಿಷನ್ ಹೆಚ್ಚು ಬೇಕಾದ ನಾವು ತಿದ್ದಿಕೊಳ್ಳಲಿಲ್ಲ.

ಈ ಪಾಠ ನಮ್ಮ ಮಕ್ಕಳ ಪುಸ್ತಕದಲ್ಲೂ ಹಿಸ್ಟೋಗ್ರಾಮಿನ ಹೆಸರಿನಲ್ಲಿ ಇದೆ. ಗಣಿತದಲ್ಲಿ 60ರಿಂದ 70 ಅಂಕ ಪಡೆದವರು 15 ಮಂದಿ, 70ರಿಂದ 100 ಪಡೆದವರು 8 ಮಂದಿ ಎಂದುಕೊಳ್ಳೋಣ. ಎರಡನೆಯ ವರ್ಗಾಂತರ ಮೂರು ಪಟ್ಟು ಅಗಲ. ಅದರ ಎತ್ತರವನ್ನು 8ಕ್ಕೇ ಇಟ್ಟರೆ ವಿಸ್ತೀರ್ಣ 240, ಪಕ್ಕದ್ದರ ವಿಸ್ತೀರ್ಣ 150. ಕಣ್ಣಿಗೆ ಜಾಣ ಮಕ್ಕಳೇ ಜಾಸ್ತಿ ಇದ್ದಂತೆ ಕಾಣುತ್ತದೆ. ಆದ್ದರಿಂದ 8ನ್ನು 30ರಿಂದ ಭಾಗಿಸಿ 10ರಿಂದ ಗುಣಿಸಿ, ಎತ್ತರವನ್ನು ಸುಮಾರು 2.67ಕ್ಕೆ ಇಳಿಸಬೇಕು. ಮಕ್ಕಳು ಇದನ್ನು ಸೂತ್ರವೆಂದು ಬಾಯಿಪಾಠ ಮಾಡುತ್ತಾರೆ. ಅಗಲವಾಗಿ ಕೂತವನು ಅಷ್ಟೇ ಎತ್ತರವಾಗಿಯೂ ನಿಂತರೆ ಪಕ್ಕದವನಿಗೆ ಅನ್ಯಾಯವಾಗುತ್ತದೆ ಎಂಬ ನ್ಯಾಯದ ಮಾತು ಅದರೊಳಗಿದೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ.

ಚಿತ್ರ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಈ ದೇಶದವರು, ಅದರಲ್ಲೂ ಮುಸ್ಲಿಮರು, 2004ರ ಸೆಪ್ಟೆಂಬರಿನಲ್ಲಿ ಕಂಡಿದ್ದೇವೆ. 2001ರ ಜನಗಣತಿಯ ಧರ್ಮವಾರು ವಿವರ ಆಗ ಹೊರಬಂತು. ಮುಸ್ಲಿಮರ ದಶಕದ ಬೆಳವಣಿಗೆ ದರ ಶೇಕಡಾ 34.5ರಿಂದ 36ಕ್ಕೆ ಏರಿದೆ, ಹಿಂದೂಗಳದು 25.1ರಿಂದ 20.3ಕ್ಕೆ ಇಳಿದಿದೆ ಎಂಬುದು ದೊಡ್ಡ ಸುದ್ದಿಯಾಯಿತು. ಒಂದು ಏರುವ ಗೆರೆ, ಒಂದು ಇಳಿಯುವ ಗೆರೆ. ನೋಡಿದವರ ಮನಸ್ಸಿನಲ್ಲಿ ಏನು ಮೂಡಬೇಕೋ ಅದು ಮೂಡಿತು. ನಾವು ಆಗ ಇಪ್ಪತ್ತರ ಹರೆಯದವರು. ಚಹಾ ಅಂಗಡಿಯಲ್ಲಿ ಪರಿಚಯದವರೇ ಪೇಪರ್ ಮಡಚಿಟ್ಟು ನಮ್ಮ ಮುಖ ನೋಡಿದ್ದು ನೆನಪಿದೆ.

ಕೂಡಿಸಿ ಕಳೆಯುವುದರಲ್ಲಿ ಯಾರೂ ತಪ್ಪಿರಲಿಲ್ಲ. ಆದರೆ 1991ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ಜನಗಣತಿ ನಡೆದಿರಲಿಲ್ಲ, 2001ರಲ್ಲಿ ನಡೆಯಿತು. ಹೀಗಾಗಿ ಮುಸ್ಲಿಮರು ಬಹುಸಂಖ್ಯಾತರಾಗಿರುವ ಒಂದು ರಾಜ್ಯವೇ ಹಳೆಯ ಲೆಕ್ಕದಲ್ಲಿಲ್ಲದೆ ಹೊಸ ಲೆಕ್ಕಕ್ಕೆ ಸೇರಿತ್ತು. ಮುದುಕರೂ ಸೇರಿದಂತೆ ಅಲ್ಲಿನವರೆಲ್ಲ ಆ ಹತ್ತು ವರ್ಷದಲ್ಲಿ ಹೊಸದಾಗಿ ಬಂದವರಂತೆ ಎಣಿಕೆಯಾದರು. 1981ರಲ್ಲಿ ಅಸ್ಸಾಮಿನಲ್ಲೂ ಗಣತಿ ನಡೆದಿರಲಿಲ್ಲ. ಈ ಎರಡು ರಾಜ್ಯಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಮುಸ್ಲಿಮರ ಬೆಳವಣಿಗೆ ದರ ಸುಮಾರು 33ರಿಂದ ಸುಮಾರು 29ಕ್ಕೆ ಇಳಿದಿತ್ತು. ಕೆಲವೇ ದಿನಗಳಲ್ಲಿ ಜನಗಣತಿ ಇಲಾಖೆಯೇ ಸ್ಪಷ್ಟನೆ ಕೊಟ್ಟು ಸರಿಪಡಿಸಿದ ಅಂಕಿಗಳನ್ನು ಮುಂದಿಟ್ಟಿತು. ಆದರೆ ಮೊದಲು ಕಣ್ಣಿಗೆ ಬಿದ್ದ ಗೆರೆಯನ್ನು ಆಮೇಲೆ ಬಂದ ಸ್ಪಷ್ಟನೆ ಅಳಿಸಲಾರದು. ಹಳೆಯ ಲೆಕ್ಕದಲ್ಲಿ ಒಂದು ರಾಜ್ಯ ಬಿಟ್ಟುಹೋಗಿದೆ ಎಂದು ತೋರಿಸುವ ಒಂದು ಕಿಂಕ್ ಆ ಗೆರೆಯ ಬುಡದಲ್ಲಿ ಮೊದಲ ದಿನವೇ ಎದ್ದು ಕಾಣುವಂತೆ ಇರಬೇಕಿತ್ತು.

ಈ ಮಾತನ್ನು ಇಲ್ಲಿಗೇ ನಿಲ್ಲಿಸಿದರೆ ನಾವೂ ಅಕ್ಷವನ್ನು ಕತ್ತರಿಸಿದವರಾಗುತ್ತೇವೆ. ಸರಿಪಡಿಸಿದ ಲೆಕ್ಕದಲ್ಲೂ ಮುಸ್ಲಿಮರ ಬೆಳವಣಿಗೆ ದರ ಹಿಂದೂಗಳದ್ದಕ್ಕಿಂತ ಹೆಚ್ಚೇ ಇತ್ತು. 2001ರಿಂದ 2011ರ ದಶಕದಲ್ಲಿ ಮುಸ್ಲಿಮರದು 24.6, ಹಿಂದೂಗಳದು 16.8. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದಕ್ಕೆ ಇನ್ನೊಂದು ಮುಖ ಕೊಡುತ್ತದೆ. ಒಬ್ಬ ಮಹಿಳೆಗೆ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕ 1992-93ರಲ್ಲಿ ಮುಸ್ಲಿಮರಲ್ಲಿ 4.4, ಹಿಂದೂಗಳಲ್ಲಿ 3.3 ಇತ್ತು. 2019-21ರ ಸಮೀಕ್ಷೆಯಲ್ಲಿ ಅದು 2.36 ಮತ್ತು 1.94. ಈ ಕೊನೆಯ ಎರಡು ಅಂಕಿಗಳನ್ನಷ್ಟೇ ತೆಗೆದುಕೊಂಡು ಅಳತೆಯನ್ನು 1.5ರಿಂದ ಶುರು ಮಾಡಿದರೆ ಒಂದು ಕಂಬ ಇನ್ನೊಂದರ ಸುಮಾರು ಎರಡು ಪಟ್ಟು ಎತ್ತರ ನಿಲ್ಲುತ್ತದೆ. ಸೊನ್ನೆಯಿಂದ ಶುರು ಮಾಡಿ ಮೂವತ್ತು ವರ್ಷಗಳನ್ನೂ ತೋರಿಸಿದರೆ ಎರಡು ಗೆರೆಗಳು ಒಟ್ಟಿಗೆ ಇಳಿಯುತ್ತ ಒಂದನ್ನೊಂದು ಸಮೀಪಿಸುವುದು ಕಾಣುತ್ತದೆ. ವ್ಯತ್ಯಾಸ 1.1ರಿಂದ 0.42ಕ್ಕೆ ಬಂದಿದೆ. ಅಂಕಿಗಳ ಮೂಲ ಒಂದೇ. ಮೊದಲನೆಯ ಚಿತ್ರ ಭಯ ಹುಟ್ಟಿಸುತ್ತದೆ, ಎರಡನೆಯದು ಚರಿತ್ರೆ ಹೇಳುತ್ತದೆ.

ಹಾಗಾದರೆ ಎಲ್ಲ ಚಿತ್ರಗಳೂ ಸೊನ್ನೆಯಿಂದಲೇ ಶುರುವಾಗಬೇಕೆಂದು ಕಾನೂನು ಮಾಡಿದರಾಯಿತೆ? ಅದೂ ಆಗದ ಮಾತು. ಆಸ್ಪತ್ರೆಯಲ್ಲಿ ಮಗುವಿನ ಹಾಸಿಗೆಯ ಬಳಿ ಜ್ವರದ ಚಾರ್ಟು ತೂಗುಹಾಕಿರುತ್ತಾರೆ. ಅದನ್ನು ಸೊನ್ನೆ ಡಿಗ್ರಿಯಿಂದ ಬರೆದರೆ 98.6ಕ್ಕೂ 103ಕ್ಕೂ ಇರುವ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಜ್ವರದಿಂದ ಮಗು ಕನವರಿಸುತ್ತಿದ್ದರೂ ಗೆರೆ ತಣ್ಣಗೆ ಮಲಗಿರುತ್ತದೆ. ಅಲ್ಲಿ ಸೊನ್ನೆಯಿಂದ ಶುರು ಮಾಡುವುದೇ ಮೋಸ. ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ಯಾವ ಸೂತ್ರವೂ ಪೂರ್ತಿಯಾಗಿ ಹೇಳಲಾರದು. ಬರೆಯುವವನೇ ಆರಿಸಿಕೊಳ್ಳಬೇಕು. ಆರಿಸಿದವನು ಏನನ್ನು ಬಿಟ್ಟೆನೆಂದು ಹೇಳಿಬಿಡಬೇಕು. ಆ ಅಂಕುಡೊಂಕು ಗೆರೆಯ ಅರ್ಥ ಇಷ್ಟೇ. ಬಿಟ್ಟದ್ದು ತಪ್ಪಲ್ಲ, ಮುಚ್ಚಿದ್ದು ತಪ್ಪು. ತಕ್ಕಡಿಯಲ್ಲಿ ಮೋಸ ಮಾಡಬಾರದೆಂದು ನಾವು ಮದರಸದಲ್ಲೇ ಕಲಿತಿದ್ದೆವು. ಗ್ರಾಫ್ ಹಾಳೆಯೂ ಒಂದು ತಕ್ಕಡಿ ಎಂದು ಮಾತ್ರ ಹೊಳೆದಿರಲಿಲ್ಲ.

ಚಿತ್ರ ಮೋಸ ಮಾಡುತ್ತದೆ, ಹಾಗಾಗಿ ಬರಿಯ ಅಂಕಿಗಳೇ ಸಾಕು ಎನ್ನುವವರೂ ಇದ್ದಾರೆ. 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೋಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು ಹನ್ನೊಂದು ಹನ್ನೊಂದು ಜೋಡಿ ಅಂಕಿಗಳ ನಾಲ್ಕು ಗುಂಪು ಮಾಡಿ ತೋರಿಸಿದರು. ನಾಲ್ಕರಲ್ಲೂ ಒಂದು ಅಂಕಿಯ ಸರಾಸರಿ 9, ಇನ್ನೊಂದರದು 7.5. ಉಳಿದ ಲೆಕ್ಕಗಳೂ ಹೆಚ್ಚುಕಡಿಮೆ ಒಂದೇ. ಆದರೆ ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟರೆ ಒಂದು ಗುಂಪು ಚದುರಿದ ಓರೆ ಸಾಲು, ಒಂದು ಬಾಗಿದ ಕಮಾನು, ಇನ್ನೆರಡರಲ್ಲಿ ಒಂಟಿಯಾಗಿ ದೂರ ನಿಂತ ಒಂದು ಚುಕ್ಕಿ. ಸರಾಸರಿ ನುಂಗಿದ್ದನ್ನು ಚಿತ್ರ ಹೊರಗೆ ಕಕ್ಕಿಸಿತು. ಹಾಗಾಗಿ ಚಿತ್ರ ಬೇಕು, ಸಾಚಾ ಚಿತ್ರ ಬೇಕು.

ದೂರ ನಿಂತ ಆ ಒಂಟಿ ಚುಕ್ಕಿಯ ಮಾತು ಬಂದದ್ದರಿಂದ ನಮ್ಮ ಶಾಲೆಯ ಉಳಿದ ಕತೆಯನ್ನೂ ಹೇಳಬೇಕು. ವಾರ್ಷಿಕೋತ್ಸವ ಮುಗಿಯಿತು, ಚಾರ್ಟಿಗೆ ಕಿಂಕ್ ಹಾಕದೆಯೇ. ಒಂದು ವಾರದ ಬಳಿಕ ಮನಸ್ಸು ತಡೆಯದೆ ಹೆಡ್‌ಮಾಸ್ತರರ ಕೋಣೆಗೆ ಹೋಗಿ ಫಲಿತಾಂಶದ ರಿಜಿಸ್ಟರು ಕೇಳಿದೆವು. ಮೊದಲ ವರ್ಷ ಪರೀಕ್ಷೆಗೆ ಕೂತವರು 54, ಪಾಸಾದವರು 42. ಎರಡನೆಯ ವರ್ಷ 48ರಲ್ಲಿ 39. ಮೂರನೆಯ ವರ್ಷ 44ರಲ್ಲಿ 37. ಶೇಕಡಾವಾರು ಏರುತ್ತಿದ್ದಾಗ ಪಾಸಾದ ಮಕ್ಕಳ ಸಂಖ್ಯೆ ಇಳಿಯುತ್ತಿತ್ತು! ಇದೇ ಮಕ್ಕಳು ಹಿಂದಿನ ವರ್ಷ ಒಂಬತ್ತನೆಯಲ್ಲಿದ್ದಾಗಿನ ಹಾಜರಿ ಪುಸ್ತಕ ತೆಗೆದೆವು. 56, 55, 53. ಪರೀಕ್ಷೆಯ ಹೊತ್ತಿಗೆ ಮೊದಲ ವರ್ಷ ಇಬ್ಬರು, ಎರಡನೆಯ ವರ್ಷ ಏಳು ಮಂದಿ, ಮೂರನೆಯ ವರ್ಷ ಒಂಬತ್ತು ಮಂದಿ ಕಾಣೆ. ಒಟ್ಟು ಹದಿನೆಂಟು ಮಕ್ಕಳು.

ಅವರು ಎಲ್ಲಿ ಹೋದರೆಂದು ಕೇಳಿದಾಗ ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಕೆಲವರು ಊರು ಬಿಟ್ಟವರು. ಹೆಚ್ಚಿನವರು ಓದಿನಲ್ಲಿ ಹಿಂದುಳಿದವರು; "ಪಾಲಕರನ್ನು ಕರೆಸಿ ಹೇಳಿದೆವು, ಟಿ.ಸಿ. ತೆಗೆದುಕೊಂಡರು" ಎಂದರು. ಯಾರ ಒತ್ತಡದಿಂದ ಎಂದು ನಾವು ಕೇಳಲಿಲ್ಲ. ಫಲಿತಾಂಶ ಎಂಬತ್ತು ದಾಟಬೇಕೆಂದು ಠರಾವು ಮಾಡಿದ ಸಭೆಯಲ್ಲಿ ನಾವೂ ಕೈ ಎತ್ತಿದ್ದೆವು. ಒಂಬತ್ತನೆಯಲ್ಲಿದ್ದ ಎಲ್ಲರನ್ನೂ ಲೆಕ್ಕಕ್ಕೆ ಹಿಡಿದರೆ ನಮ್ಮ ಫಲಿತಾಂಶ 75, 71, 70. ಅಂದರೆ ಹಸಿರು ಕಂಬಗಳು ಇಳಿಯಬೇಕಿತ್ತು. ಕಿಂಕ್ ಹಾಕದ್ದು ಸಣ್ಣ ತಪ್ಪು. ಮಕ್ಕಳನ್ನು ಛೇದದಿಂದಲೇ ಕಳೆದು ಬಿಟ್ಟದ್ದಕ್ಕೆ ಯಾವ ಗಣಿತ ಪುಸ್ತಕದಲ್ಲೂ ಗುರುತಿಲ್ಲ.

ಕತೆಗಾರರಾಗಿ ನಮಗೆ ಒಂದು ಜಂಬ ಇತ್ತು. ಅಂಕಿಗಳವರು ಮನುಷ್ಯರನ್ನು ಕಂಬ ಮಾಡುತ್ತಾರೆ, ನಾವು ಒಬ್ಬೊಬ್ಬರ ಮುಖ ತೋರಿಸುತ್ತೇವೆ ಎಂದು. ಆ ಹದಿನೆಂಟರಲ್ಲಿ ಒಬ್ಬ ಹುಡುಗ ಬಸ್ ನಿಲ್ದಾಣದ ಬಳಿ ಪಂಕ್ಚರ್ ಅಂಗಡಿಯಲ್ಲಿದ್ದಾನೆ. ನಮ್ಮ ಸ್ಕೂಟರಿಗೆ ಗಾಳಿ ಹಾಕುವವನೂ ಅವನೇ. ನೂರು ಸಲ ಅವನ ಮುಖ ನೋಡಿದ್ದೇವೆ, ಸಲಾಮ್ ಹೇಳಿದ್ದೇವೆ. ಅವನು ನಮ್ಮ ಚಾರ್ಟಿನಿಂದ ಹೊರಬಿದ್ದವನೆಂದು ಆ ಮುಖ ನಮಗೆ ಹೇಳಲಿಲ್ಲ. ರಿಜಿಸ್ಟರಿನ ಅಂಕಿ ಹೇಳಿತು. ಹಾಗೆಯೇ ಅವನೊಬ್ಬನ ಮೇಲೆ ಕತೆ ಬರೆದು ಎಲ್ಲ ಶಾಲೆಗಳೂ ಹೀಗೇ ಎಂದು ಓದುಗರ ಕಣ್ಣಲ್ಲಿ ನೀರು ತರಿಸಿದರೆ, ಅದೂ ಪ್ರಮಾಣ ಬರೆಯದ ಗ್ರಾಫೇ ಸರಿ. ಲೆಕ್ಕ ಬಿಟ್ಟ ಮುಖವೂ ಅರ್ಧ, ಮುಖ ಬಿಟ್ಟ ಲೆಕ್ಕವೂ ಅರ್ಧ.

ಮುಂದಿನ ಸಭೆಯಲ್ಲಿ ಹೊಸ ಚಾರ್ಟು ಹಾಕುವ ಮಾತೆತ್ತಿದೆವು. ದಾಖಲಾತಿಯ ಸಮಯದಲ್ಲಿ ಮನೆಯ ಹುಳುಕು ಬೀದಿಗೆ ಯಾಕೆ ಎಂದರು ಕೆಲವರು. ಗೇಟಿಗೆ ಹಾಕಲು ಒಪ್ಪಿಗೆ ಸಿಗಲಿಲ್ಲ. ಒಂದು ಮಾತಿಗೆ ಮಾತ್ರ ಎಲ್ಲರೂ ಒಪ್ಪಿದರು. ಇನ್ನು ಮುಂದೆ ಒಂಬತ್ತನೆಯಲ್ಲಿ ಯಾರಿಗಾದರೂ ಟಿ.ಸಿ. ಕೊಡುವ ಮೊದಲು ಸಮಿತಿಯ ಮುಂದೆ ಹೆಸರು ಬರಬೇಕು. ಗಣಿತದ ಟೀಚರು ರಿಜಿಸ್ಟರಿನ ಅಂಕಿಗಳನ್ನು ತಮ್ಮ ತರಗತಿಗೆ ಲೆಕ್ಕವಾಗಿ ಕೊಟ್ಟರಂತೆ.

ಮಗಳು ಅದನ್ನು ಬರೆದು ತಂದು ತೋರಿಸಿದಳು. ಅಳತೆ ಸೊನ್ನೆಯಿಂದ ಶುರುವಾಗಿತ್ತು. ಮೂಲೆಯಲ್ಲಿ ಪ್ರಮಾಣ ಬರೆದಿದ್ದಳು. ಪ್ರತಿ ಕಂಬದಲ್ಲಿ ಪಾಸಾದವರಿಗೆ ಒಂದು ಬಣ್ಣ, ಫೇಲಾದವರಿಗೆ ಇನ್ನೊಂದು. ಅದರ ಮೇಲೆ ಚುಕ್ಕಿ ಗೆರೆಯಿಂದ ಬರೆದು ಬಣ್ಣ ತುಂಬದೆ ಬಿಟ್ಟ ಪುಟ್ಟ ಚೌಕಗಳು. ಎರಡು, ಏಳು, ಒಂಬತ್ತು.

"ಇವಕ್ಕೆ ಏನು ಹೆಸರು ಬರೀಲಿ ಅಬ್ಬಾ?" ಎಂದು ಕೇಳಿದಳು. ನಮಗೆ ತಕ್ಷಣ ಉತ್ತರ ತೋಚಲಿಲ್ಲ. ಪಂಕ್ಚರ್ ಅಂಗಡಿಯ ಹುಡುಗನ ಹೆಸರು ಮಾತ್ರ ನಮಗೆ ಗೊತ್ತಿತ್ತು.